ಸಮೋಷ್ಣ ಮಂಡಲದ ಬಲೂನು ಮಾಪನದಲ್ಲಿ ಹುಸಿ ಪ್ರಕ್ಷುಬ್ಧತೆ: ಲಕ್ಷಣ ಹಿಡಿದು ದೋಷ ಹುಡುಕುವ ಕ್ರಮ

ಬಲೂನು ಹಾರಿಸಿ ಪಡೆದ ದತ್ತಾಂಶವನ್ನು ಮೊದಲ ಸಲ ಗ್ರಾಫಿಗೆ ಹಾಕಿದವರಿಗೆ ಹದಿನೆಂಟು ಕಿಲೋಮೀಟರಿನಿಂದ ಮೇಲಿನ ಆಕಾಶವೆಲ್ಲ ಕೊತಕೊತ ಕುದಿಯುತ್ತಿರುವಂತೆ ಕಾಣುವುದುಂಟು. ಸಮೋಷ್ಣ ಮಂಡಲ, ಅಂದರೆ ಸ್ಟ್ರಾಟೋಸ್ಫಿಯರ್, ಕುದಿಯುವ ಜಾಗವಲ್ಲ. ಅಲ್ಲಿ ಎತ್ತರ ಹೆಚ್ಚಿದಂತೆ ತಾಪಮಾನ ಇಳಿಯುವುದರ ಬದಲು ಏರುವುದರಿಂದ ಗಾಳಿಯ ಪದರಗಳು ಒಂದರ ಮೇಲೊಂದು ಭದ್ರವಾಗಿ ಕೂತಿರುತ್ತವೆ. ಪ್ರಕ್ಷುಬ್ಧತೆ, ಅಂದರೆ ಗಾಳಿ ಸುಳಿ ಸುಳಿಯಾಗಿ ಕಲಕುವುದು (ಟರ್ಬ್ಯುಲೆನ್ಸ್), ಹುಟ್ಟಿದರೂ ಅದು ಕೆಲವು ಮೀಟರಿನಿಂದ ಕೆಲವು ನೂರು ಮೀಟರ್ ದಪ್ಪದ ತೆಳು ಪದರಗಳಿಗೆ ಸೀಮಿತವಾಗಿರುತ್ತದೆ, ಅವುಗಳ ನಡುವಿನ ಗಾಳಿ ಬಹುಪಾಲು ಶಾಂತವಾಗಿಯೇ ಇರುತ್ತದೆ. ಆದ್ದರಿಂದ ಎಲ್ಲೆಡೆ ಕ್ಷೋಭೆ ಕಂಡರೆ ಮೊದಲ ಅನುಮಾನ ಉಪಕರಣದ ಮೇಲೆ, ಎರಡನೆಯದು ಬಲೂನಿನ ಮೇಲೆ, ಮೂರನೆಯದು ಲೆಕ್ಕದ ವಿಧಾನದ ಮೇಲೆ ಹೋಗಬೇಕು. ಆಕಾಶದ ಸರದಿ ಕೊನೆಗೆ ಬರುತ್ತದೆ.

ಈ ಕೈಪಿಡಿ ಎರಡು ಬಗೆಯ ಮಾಪನಗಳನ್ನು ಗಮನದಲ್ಲಿಟ್ಟುಕೊಂಡು ಬರೆದದ್ದು. ಒಂದು, ಸೆಕೆಂಡಿಗೊಮ್ಮೆ ತಾಪಮಾನ, ಒತ್ತಡ ಮತ್ತು ಗಾಳಿಯ ವೇಗವನ್ನು ಕಳುಹಿಸುವ ಸಾಮಾನ್ಯ ಜಿಪಿಎಸ್ ರೇಡಿಯೋಸಾಂಡ್. ಇನ್ನೊಂದು, ಅತಿ ತೆಳುವಾದ ತಂತಿಯನ್ನು ವಿದ್ಯುತ್ತಿನಿಂದ ಕಾಯಿಸಿ, ಅದನ್ನು ಗಾಳಿ ಎಷ್ಟು ತಣಿಸುತ್ತದೆ ಎಂಬುದರಿಂದ ವೇಗದ ಏರಿಳಿತವನ್ನು ಅಳೆಯುವ ಹಾಟ್‌ವೈರ್ ಅನಿಮಾಮೀಟರ್. ಜರ್ಮನಿಯ ಕ್ಯೂಲುಂಗ್ಸ್‌ಬೋರ್ನ್‌ನಲ್ಲಿರುವ ಲೈಬ್ನಿಟ್ಸ್ ವಾತಾವರಣ ಭೌತಶಾಸ್ತ್ರ ಸಂಸ್ಥೆಯ ‘ಲಿಟೋಸ್’ ಉಪಕರಣ ಈ ಎರಡನೆಯ ಬಗೆಯದು. ಅದು ಸೆಕೆಂಡಿಗೆ 8000 ಸಲ ಅಳೆಯುತ್ತದೆ, ಬಲೂನು ಸೆಕೆಂಡಿಗೆ 5 ಮೀಟರ್ ಏರುತ್ತಿದ್ದರೆ ಒಂದು ಅಳತೆಗೂ ಮುಂದಿನದಕ್ಕೂ ನಡುವೆ ಒಂದು ಮಿಲಿಮೀಟರಿಗಿಂತ ಕಡಿಮೆ ಅಂತರವಿರುತ್ತದೆ. ರೇಡಿಯೋಸಾಂಡಿನಲ್ಲಿ ಅದೇ ಅಂತರ 5 ಮೀಟರ್. ಈ ವ್ಯತ್ಯಾಸವನ್ನು ಮರೆತು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದರಿಂದಲೇ ಅರ್ಧದಷ್ಟು ಗೊಂದಲ ಹುಟ್ಟುತ್ತದೆ.

ಲಕ್ಷಣ: ಬಲೂನು ಇನ್ನೂ ನೆಲದಲ್ಲಿದ್ದಾಗಲೇ ಸಿಗ್ನಲ್ ನಡುಗುತ್ತಿದೆ

ಇದು ಅತಿ ಸುಲಭದ, ಖರ್ಚಿಲ್ಲದ ಪರೀಕ್ಷೆ, ಆದರೂ ಹೆಚ್ಚಿನವರು ಬಿಟ್ಟುಬಿಡುವ ಪರೀಕ್ಷೆ. ಸೆನ್ಸರ್ ಅನ್ನು ಗಾಳಿಯಾಡದ ಥರ್ಮಕೋಲ್ ಡಬ್ಬಿಯೊಳಗೆ ಮುಚ್ಚಿಟ್ಟು ಅರ್ಧ ಗಂಟೆ ದತ್ತಾಂಶ ದಾಖಲಿಸಿಕೊಳ್ಳಿ. ಒಳಗೆ ಗಾಳಿ ಅಲುಗಾಡದಿದ್ದಾಗ ಕಾಣುವ ನಡುಕವೆಲ್ಲ ಉಪಕರಣದ ಸ್ವಂತ ನಾಯ್ಸ್. ಅದರ ಸ್ಪೆಕ್ಟ್ರಮ್, ಅಂದರೆ ಯಾವ ಆವರ್ತನದಲ್ಲಿ ಎಷ್ಟು ಏರಿಳಿತವಿದೆ ಎಂಬ ಗ್ರಾಫ್, ಚಪ್ಪಟೆಯಾಗಿದ್ದರೆ ಅದು ಸರ್ಕ್ಯೂಟಿನ ಸಹಜ ನಾಯ್ಸ್, ಅದರ ಮಟ್ಟವನ್ನು ಬರೆದಿಟ್ಟುಕೊಳ್ಳಿ, ಮುಂದೆ ಪದೇ ಪದೇ ಬೇಕಾಗುತ್ತದೆ. ನಿರ್ದಿಷ್ಟ ಆವರ್ತನದಲ್ಲಿ ಚೂಪಾದ ಗೆರೆಗಳಿದ್ದರೆ ಪಕ್ಕದಲ್ಲಿರುವ ರೇಡಿಯೋ ಟ್ರಾನ್ಸ್‌ಮಿಟರ್, ವೋಲ್ಟೇಜ್ ಪರಿವರ್ತಕ ಅಥವಾ ಸಡಿಲ ಕನೆಕ್ಟರ್ ಅದಕ್ಕೆ ಕಾರಣ. ಒಂದೊಂದನ್ನೇ ಆರಿಸಿ ನೋಡಿದರೆ ಅಪರಾಧಿ ಸಿಗುತ್ತದೆ.

ನೆಲದಲ್ಲಿ ಎಲ್ಲ ಸರಿಯಿದ್ದು, 14 ಕಿಲೋಮೀಟರ್ ದಾಟಿದ ಮೇಲೆ ನಾಯ್ಸ್ ನಿಧಾನವಾಗಿ ಏರಿ, 17ರ ಸುಮಾರಿಗೆ ಹೆಚ್ಚಾಗಿ, ಮತ್ತೆ 22ರ ಮೇಲೆ ತಗ್ಗಿದರೆ ಬ್ಯಾಟರಿಯನ್ನು ನೋಡಿ. ಉಷ್ಣವಲಯದಲ್ಲಿ 17 ಕಿಲೋಮೀಟರಿನ ಆಸುಪಾಸು ತಾಪಮಾನ ಮೈನಸ್ 80 ಡಿಗ್ರಿಯ ಹತ್ತಿರ ಹೋಗುತ್ತದೆ, ಅದಕ್ಕಿಂತ ಮೇಲೆ ಮತ್ತೆ ಬೆಚ್ಚಗಾಗುತ್ತದೆ. ನಾಯ್ಸ್ ಆ ತಾಪಮಾನದ ಗ್ರಾಫನ್ನೇ ತಲೆಕೆಳಗಾಗಿ ಅನುಸರಿಸುತ್ತಿದ್ದರೆ ಅದು ಚಳಿ ಹಿಡಿದ ಬ್ಯಾಟರಿ ಅಥವಾ ಕುಗ್ಗಿದ ಬೆಸುಗೆ. ಅದೇ ಎತ್ತರದಲ್ಲಿ ನಿಜವಾದ ಪ್ರಕ್ಷುಬ್ಧತೆಯೂ ಸಾಮಾನ್ಯ ಎಂಬುದು ನಿಜ, ಆದರೆ ನಿಜವಾದದ್ದು ಚೂರಿಯಿಂದ ಕತ್ತರಿಸಿದಂತೆ ಥಟ್ಟನೆ ಶುರುವಾಗಿ ಥಟ್ಟನೆ ಮುಗಿಯುತ್ತದೆ, ಬ್ಯಾಟರಿಯ ನಾಯ್ಸ್ ಮೆಲ್ಲಗೆ ಬಂದು ಮೆಲ್ಲಗೆ ಹೋಗುತ್ತದೆ.

ಎಚ್ಚರಿಕೆಯ ಮಾತೊಂದು ಇಲ್ಲೇ ಹೇಳಬೇಕು. ಬಲೂನಿಗೆ ಹೈಡ್ರೋಜನ್ ತುಂಬುತ್ತಿರುವಾಗ ಯಾವ ವಿದ್ಯುತ್ ಪರೀಕ್ಷೆಯನ್ನೂ ಅದರ ಬಳಿ ಮಾಡಬಾರದು. ಮೊಬೈಲ್, ಬೆಸುಗೆಕೋಲು, ಮಲ್ಟಿಮೀಟರ್, ನೈಲಾನ್ ಬಟ್ಟೆ ಎಲ್ಲವೂ ತುಂಬುವ ಶೆಡ್ಡಿನಿಂದ ದೂರವಿರಬೇಕು, ಸಿಲಿಂಡರ್ ಮತ್ತು ನಳಿಕೆ ಎರಡಕ್ಕೂ ಅರ್ಥಿಂಗ್ ಇರಬೇಕು. ಬುಸ್ಸೆಂಬ ಸೋರಿಕೆಯ ಸದ್ದು ಕೇಳಿದರೆ, ವಾಲ್ವ್ ಕೈಗೆಟಕುವಂತಿದ್ದರೆ ಮುಚ್ಚಿ ಹೊರಬನ್ನಿ, ಇಲ್ಲದಿದ್ದರೆ ಸುಮ್ಮನೆ ಹೊರಬನ್ನಿ. ಹೈಡ್ರೋಜನ್ನಿನ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಹೀಲಿಯಂ ಉರಿಯದಿದ್ದರೂ ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟಿಸುತ್ತದೆ. ವಾಯು ಸಂಚಾರ ನಿಯಂತ್ರಣದ ಅನುಮತಿ ಇಲ್ಲದೆ ಅಥವಾ ಸಿಡಿಲಿನ ಮೋಡ ಹತ್ತಿರವಿರುವಾಗ ಯಾವ ಕಾರಣಕ್ಕೂ ಹಾರಿಸಬೇಡಿ.

ಲಕ್ಷಣ: ಹಾಟ್‌ವೈರ್ ಸಿಗ್ನಲ್ ಒಮ್ಮೆಗೇ ಸತ್ತು ನೇರ ಗೆರೆಯಾಯಿತು

ತಂತಿ ತುಂಡಾಗಿದೆ. ಸಾಮಾನ್ಯವಾಗಿ ಬಳಸುವ ಟಂಗ್‌ಸ್ಟನ್ ತಂತಿಯ ವ್ಯಾಸ 5 ಮೈಕ್ರೋಮೀಟರ್, ತಲೆಗೂದಲಿನ ಹತ್ತರಲ್ಲೊಂದು ಪಾಲೂ ಇಲ್ಲ. ಒಮ್ಮೆ ನಮ್ಮ ತಂಡದಲ್ಲಿ ಹಾರಾಟಕ್ಕೆ ಹತ್ತು ನಿಮಿಷ ಮುಂಚೆ ಸೆನ್ಸರಿನ ಪ್ಲಾಸ್ಟಿಕ್ ಮುಚ್ಚಳವನ್ನು ನೇರ ಎಳೆಯುವ ಬದಲು ತಿರುಚಿ ತೆಗೆದರು. ಬರಿಗಣ್ಣಿಗೆ ಏನೂ ಬದಲಾಗಿರಲಿಲ್ಲ, ಏಕೆಂದರೆ ಬರಿಗಣ್ಣಿಗೆ ಆ ತಂತಿ ಮೊದಲೂ ಸರಿಯಾಗಿ ಕಾಣುತ್ತಿರಲಿಲ್ಲ. ಭೂತಗನ್ನಡಿ ಹಿಡಿದು ಬೆಳಕಿಗೆ ಓರೆಯಾಗಿಸಿ ನೋಡಿದಾಗ ಎರಡು ಸೂಜಿಮೊನೆಗಳು ಇದ್ದವು, ನಡುವೆ ಏನೂ ಇರಲಿಲ್ಲ. ಅಂದಿನಿಂದ ಮುಚ್ಚಳ ತೆಗೆದ ಮೇಲೆ ಭೂತಗನ್ನಡಿಯಿಂದ ನೋಡಿ ‘ಇದೆ’ ಎಂದು ಹೇಳುವ ಕೆಲಸಕ್ಕೇ ಒಬ್ಬರನ್ನು ನಿಲ್ಲಿಸುತ್ತೇವೆ. ಅನಿಮಾಮೀಟರಿನಲ್ಲೇ ರೋಧ ಅಳೆಯುವ ಸೌಲಭ್ಯವಿದ್ದರೆ ಅದನ್ನು ಬಳಸಿ. ಸಾಮಾನ್ಯ ಮಲ್ಟಿಮೀಟರ್ ಹಚ್ಚಬೇಡಿ, ಅದರ ಪರೀಕ್ಷಾ ವಿದ್ಯುತ್ತೇ ತಂತಿಯನ್ನು ಸುಡಬಲ್ಲದು.

ತುಂಡಾಗದೆಯೂ ಸಿಗ್ನಲ್ ಸಾಯುವ ಇನ್ನೊಂದು ಬಗೆಯಿದೆ. 30 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಸುಮಾರು ಎಪ್ಪತ್ತನೆಯ ಒಂದು ಪಾಲು. ತಂತಿಯಿಂದ ಶಾಖ ಒಯ್ಯಲು ಅಣುಗಳೇ ಕಡಿಮೆಯಾಗುವುದರಿಂದ ಏರಿಳಿತಗಳೂ ಕುಗ್ಗುತ್ತವೆ, 20 ವೋಲ್ಟ್ ವ್ಯಾಪ್ತಿಯನ್ನು 16 ಬಿಟ್‌ನಲ್ಲಿ ಅಳೆಯುವ ಪರಿವರ್ತಕದ ಒಂದು ಮೆಟ್ಟಿಲೇ 0.3 ಮಿಲಿವೋಲ್ಟ್ ಆಗಿರುವಾಗ ಅದಕ್ಕಿಂತ ಚಿಕ್ಕ ಏರಿಳಿತ ದಾಖಲಾಗುವುದೇ ಇಲ್ಲ. ಗ್ರಾಫನ್ನು ಹಿಗ್ಗಿಸಿದಾಗ ಮೆಟ್ಟಿಲು ಮೆಟ್ಟಿಲಾದ ಗೆರೆ ಕಂಡರೆ ತಂತಿ ಬದುಕಿದೆ, ಮಾಪನದ ವ್ಯಾಪ್ತಿ ತಪ್ಪಾಗಿದೆ ಎಂದರ್ಥ. ಸರಾಸರಿ ವೋಲ್ಟೇಜನ್ನು ಕಳೆದು ಉಳಿದದ್ದನ್ನು ಮಾತ್ರ ವರ್ಧಿಸಿ ದಾಖಲಿಸುವುದು ಇದಕ್ಕೆ ಪರಿಹಾರ.

ನೆಲದ ಮೇಲೆ ಮಾಡಿದ ಕ್ಯಾಲಿಬ್ರೇಷನ್ ಅಷ್ಟೆತ್ತರದಲ್ಲಿ ಏಕೆ ನಿಲ್ಲುವುದಿಲ್ಲ ಎಂಬುದಕ್ಕೂ ಕಾರಣ ಇಲ್ಲೇ ಇದೆ: 30 ಕಿಲೋಮೀಟರಿನಲ್ಲಿ ಗಾಳಿಯ ಅಣುವೊಂದು ಇನ್ನೊಂದಕ್ಕೆ ಡಿಕ್ಕಿ ಹೊಡೆಯುವ ಮುನ್ನ ಸರಾಸರಿ 4-5 ಮೈಕ್ರೋಮೀಟರ್ ಸಾಗುತ್ತದೆ, ಅಂದರೆ ತಂತಿಯ ದಪ್ಪದಷ್ಟೇ. ಆ ಅಳತೆಯಲ್ಲಿ ಗಾಳಿ ಹರಿವಂತೆ ಅಲ್ಲ, ಬಿಡಿ ಅಣುಗಳ ಮಳೆಯಂತೆ ತಂತಿಗೆ ತಾಗುತ್ತದೆ. ವೋಲ್ಟೇಜನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂಬ ವೇಗವಾಗಿ ಪರಿವರ್ತಿಸಲೇಬೇಕಾದ ಕೆಲಸವಿದ್ದರೆ ನಿರ್ವಾತ ಕೋಣೆಯಿರುವ ಪ್ರಯೋಗಾಲಯದ ನೆರವು ಪಡೆಯಿರಿ. ಮನೆಯಲ್ಲಿ ಅಥವಾ ಕಾಲೇಜಿನ ಬೆಂಚಿನ ಮೇಲೆ ಆಗುವ ಕೆಲಸವಲ್ಲ.

ಲಕ್ಷಣ: ಗಾಳಿ ಮತ್ತು ತಾಪಮಾನದಲ್ಲಿ ನಿಯತವಾದ ಅಲೆ, ಇಡೀ ಹಾರಾಟದುದ್ದಕ್ಕೂ

ಲೋಲಕ: ಬಲೂನಿನಿಂದ ಹಗ್ಗದಲ್ಲಿ ನೇತಾಡುವ ಉಪಕರಣ ತೂಗಾಡುತ್ತಿದೆ. ಹಗ್ಗದ ಉದ್ದ ಹೇಳಿದರೆ ಅಲೆಯ ಅವಧಿಯನ್ನು ಗ್ರಾಫ್ ನೋಡದೆಯೇ ಹೇಳಬಹುದು: 30 ಮೀಟರ್ ಹಗ್ಗಕ್ಕೆ 11 ಸೆಕೆಂಡ್, 100 ಮೀಟರಿಗೆ 20 ಸೆಕೆಂಡ್. ಸೆಕೆಂಡಿಗೆ 5 ಮೀಟರ್ ಏರಿಕೆಯಲ್ಲಿ 11 ಸೆಕೆಂಡಿನ ತೂಗಾಟ ಎತ್ತರದ ಗ್ರಾಫಿನಲ್ಲಿ 55 ಮೀಟರಿನ ಅಲೆಯಾಗಿ ಕಾಣುತ್ತದೆ, ಅದನ್ನು ಗುರುತ್ವ ತರಂಗವೆಂದು (ಗಾಳಿಯ ಪದರಗಳು ಮೇಲೆ ಕೆಳಗೆ ತೂಗುವ ಅಲೆ) ಕರೆದು ವರದಿ ಬರೆಯುವ ಆಸೆ ಸಹಜವಾಗಿಯೇ ಹುಟ್ಟುತ್ತದೆ. ನಿಜವಾದ ತರಂಗದ ಉದ್ದ ಎತ್ತರದೊಂದಿಗೆ, ಹಿನ್ನೆಲೆ ಗಾಳಿಯೊಂದಿಗೆ ಬದಲಾಗುತ್ತದೆ. ಲೋಲಕದ ಅವಧಿ ಬದಲಾಗದು. ರೇಡಿಯೋಸಾಂಡಿನ ಸಾಫ್ಟ್‌ವೇರ್ ಗಾಳಿಯ ದತ್ತಾಂಶದಿಂದ ತೂಗಾಟವನ್ನು ಮೊದಲೇ ಸೋಸಿಬಿಟ್ಟಿರಬಹುದು, ಆಗ ಆ ಆವರ್ತನದ ಆಸುಪಾಸಿನ ನಿಜವಾದ ಏರಿಳಿತವೂ ಹೋಗಿರುತ್ತದೆ. ಹಾಗಾಗಿ ಸೋಸದ ಕಚ್ಚಾ ದತ್ತಾಂಶವನ್ನು ಉಳಿಸಿಕೊಳ್ಳುವ ಆಯ್ಕೆಯನ್ನು ಹಾರಾಟಕ್ಕೆ ಮುಂಚೆಯೇ ಒತ್ತಿರಬೇಕು.

ಹಾಟ್‌ವೈರಿನಲ್ಲಿ ಇದೇ ಜಾತಿಯ ಇನ್ನೊಂದು ದೋಷ ಹೆಚ್ಚು ಆವರ್ತನದಲ್ಲಿ ಬರುತ್ತದೆ. 2 ಮಿಲಿಮೀಟರ್ ದಪ್ಪದ ಹಗ್ಗದ ಹಿಂದೆ ಗಾಳಿ ಸುಳಿ ಸುಳಿಯಾಗಿ ಕಳಚಿಕೊಳ್ಳುವಾಗ 500 ಹರ್ಟ್ಸ್ ಸುಮಾರಿನ ಗೆರೆ ಮೂಡಬಹುದು. ಗಾಳಿ ತೆಳುವಾದಂತೆ ಅದರ ಚಲನ ಸ್ನಿಗ್ಧತೆ (ಅಂಟುತನವನ್ನು ಸಾಂದ್ರತೆಯಿಂದ ಭಾಗಿಸಿದ್ದು) ಏರುವುದರಿಂದ ಸುಮಾರು 22 ಕಿಲೋಮೀಟರಿನ ಮೇಲೆ ಅಷ್ಟು ತೆಳುವಾದ ಹಗ್ಗದಿಂದ ಸುಳಿ ಕಳಚುವುದೇ ನಿಂತುಹೋಗುತ್ತದೆ. ಗೆರೆ ಆ ಎತ್ತರದಲ್ಲಿ ಮಾಯವಾದರೆ ಹಗ್ಗ ತಪ್ಪಿತಸ್ಥ. 30 ಕಿಲೋಮೀಟರಿನವರೆಗೂ ಬಿಡದೆ ಬಂದರೆ ಸರ್ಕ್ಯೂಟನ್ನು ಮತ್ತೆ ನೋಡಿ.

ಲಕ್ಷಣ: ಹಗಲಿನ ಹಾರಾಟದಲ್ಲಿ ಬಿಸಿ ಮುಳ್ಳುಗಳು, ರಾತ್ರಿಯದರಲ್ಲಿ ತಣ್ಣನೆಯ ಮುಳ್ಳುಗಳು

ಇಲ್ಲಿ ಸ್ವಲ್ಪ ನಿಂತು ನೋಡುವುದು ಅಗತ್ಯ, ಏಕೆಂದರೆ ಸಮೋಷ್ಣ ಮಂಡಲದ ಬಲೂನು ಮಾಪನವನ್ನು ಹೆಚ್ಚು ಕೆಡಿಸಿರುವ ದೋಷ ಇದೇ ಎಂಬುದು ನನ್ನ ಅಭಿಪ್ರಾಯ. ಏರುವ ಬಲೂನು ದೋಣಿಯಂತೆ ತನ್ನ ಹಿಂದೆ ಸುಳಿಜಾಡೊಂದನ್ನು ಬಿಡುತ್ತದೆ, ಕೆಳಗೆ ನೇತಾಡುವ ಉಪಕರಣ ಕೆಲವು ಸೆಕೆಂಡುಗಳ ಬಳಿಕ ಅದೇ ಜಾಡಿನೊಳಗೆ ಹಾದುಹೋಗುತ್ತದೆ. ಹಗಲಿನಲ್ಲಿ ಬಿಸಿಲು ಕುಡಿದ ಬಲೂನಿನ ಚರ್ಮ ಸುತ್ತಲಿನ ಗಾಳಿಗಿಂತ ಬೆಚ್ಚಗಿರುವುದರಿಂದ ಜಾಡೂ ಬೆಚ್ಚಗಿರುತ್ತದೆ. ರಾತ್ರಿ ಇದಕ್ಕೆ ವಿರುದ್ಧ: ಒಳಗಿನ ಅನಿಲ ಹಿಗ್ಗುತ್ತಾ ತಣಿಯುತ್ತದೆ, ಹೊರಗಿನ ಗಾಳಿ ಎತ್ತರದೊಂದಿಗೆ ತಣಿಯುವುದಿಲ್ಲ, ಹಾಗಾಗಿ ಜಾಡು ತಣ್ಣಗಿರುತ್ತದೆ. ಮುಳ್ಳುಗಳು ಒಂದೇ ದಿಕ್ಕಿಗೆ ಚಾಚಿರುವುದೇ ಇದರ ಗುರುತು. ನಿಜವಾದ ಪ್ರಕ್ಷುಬ್ಧತೆ ಬೆಚ್ಚನೆಯ ಮತ್ತು ತಣ್ಣನೆಯ ಗಾಳಿ ಎರಡನ್ನೂ ಕಲಸುತ್ತದೆ, ಅದರ ಏರಿಳಿತ ಎರಡೂ ಕಡೆಗಿರುತ್ತದೆ.

ಜಾಡಿನಿಂದ ಪಾರಾಗಲು ವಿಂಡ್ ಷಿಯರ್, ಅಂದರೆ ಎತ್ತರದೊಂದಿಗೆ ಗಾಳಿ ಬದಲಾಗುವ ದರ, ನಮಗೆ ನೆರವಾಗಬೇಕು; ಅದು ಜಾಡನ್ನು ಪಕ್ಕಕ್ಕೆ ತಳ್ಳಿದರೆ ಉಪಕರಣ ಶುದ್ಧ ಗಾಳಿಯಲ್ಲಿ ಏರುತ್ತದೆ. ಎಷ್ಟು ತಳ್ಳುತ್ತದೆ ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು: ಹಗ್ಗದ ಉದ್ದದ ವರ್ಗವನ್ನು ಷಿಯರ್‌ನಿಂದ ಗುಣಿಸಿ, ಏರಿಕೆಯ ವೇಗದ ಎರಡರಷ್ಟರಿಂದ ಭಾಗಿಸಿ. ಪ್ರತಿ ನೂರು ಮೀಟರಿಗೆ ಸೆಕೆಂಡಿಗೆ 1 ಮೀಟರ್ ಷಿಯರ್ ಇದ್ದು ಹಗ್ಗ 30 ಮೀಟರ್ ಇದ್ದರೆ ಜಾಡು ಸರಿಯುವುದು 90 ಸೆಂಟಿಮೀಟರ್ ಮಾತ್ರ. ನೆಲದಲ್ಲಿ 2 ಮೀಟರ್ ಅಗಲವಿದ್ದ ಬಲೂನು 30 ಕಿಲೋಮೀಟರಿನಲ್ಲಿ 8 ಮೀಟರ್ ಅಗಲವಾಗಿರುತ್ತದೆ, ಅದರ ಜಾಡು ಇನ್ನೂ ಅಗಲ. 90 ಸೆಂಟಿಮೀಟರ್ ಯಾವ ಮೂಲೆಗೂ ಸಾಲದು. ಹಗ್ಗವನ್ನು 100 ಮೀಟರ್ ಮಾಡಿದರೆ ಅದೇ ಷಿಯರ್‌ನಲ್ಲಿ ಜಾಡು 10 ಮೀಟರ್ ಸರಿಯುತ್ತದೆ. ಇಷ್ಟು ಸಣ್ಣ ಲೆಕ್ಕವನ್ನು ಪ್ರತಿ ಪದರಕ್ಕೂ ಮಾಡಿ, ಜಾಡು ಸರಿಯುವ ದೂರ ಬಲೂನಿನ ತ್ರಿಜ್ಯಕ್ಕಿಂತ ಕಡಿಮೆಯಿರುವ ಎತ್ತರಗಳ ದತ್ತಾಂಶವನ್ನು ಅನುಮಾನಾಸ್ಪದವೆಂದು ಗುರುತು ಹಾಕಿ. ತೀರಾ ಶಾಂತವಾಗಿರಬೇಕಾದ, ಷಿಯರ್ ಇಲ್ಲದ ಪದರಗಳಲ್ಲೇ ಹೆಚ್ಚು ‘ಪ್ರಕ್ಷುಬ್ಧತೆ’ ಕಾಣುವ ವಿಚಿತ್ರಕ್ಕೆ ಉತ್ತರ ಆಗ ತಾನಾಗಿ ಸಿಗುತ್ತದೆ.

ಉದ್ದ ಹಗ್ಗವೂ ಪುಕ್ಕಟೆ ಬರುವುದಿಲ್ಲ. ಹಾರಿಸುವಾಗ ಮರಕ್ಕೋ ವಿದ್ಯುತ್ ತಂತಿಗೋ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಏರಿದ ಮೇಲೆ ತಾನೇ ಬಿಚ್ಚಿಕೊಳ್ಳುವ ಸುರುಳಿ ಬೇಕು. ಹಗ್ಗ ವಿದ್ಯುತ್ ತಂತಿಯ ಮೇಲೆ ಬಿದ್ದರೆ ಎಳೆಯಲು ಹೋಗದೆ ವಿದ್ಯುತ್ ಇಲಾಖೆಗೆ ತಿಳಿಸಿ. ಇದಕ್ಕಿಂತ ಉತ್ತಮ ಉಪಾಯವೆಂದರೆ ಇಳಿಯುವಾಗ ಅಳೆಯುವುದು: ಬಲೂನಿಗೆ ಅನಿಲ ಬಿಡುವ ವಾಲ್ವ್ ಇಟ್ಟರೆ ಅದು ಒಡೆಯದೆ ನಿಧಾನವಾಗಿ ಇಳಿಯುತ್ತದೆ, ಆಗ ಕೆಳಗಿರುವ ಉಪಕರಣವೇ ಮೊದಲು ಹೊಸ ಗಾಳಿಯನ್ನು ಮುಟ್ಟುತ್ತದೆ, ಜಾಡು ಮೇಲೆಯೇ ಉಳಿಯುತ್ತದೆ.

ಲಕ್ಷಣ: ಎತ್ತರದ ಮೋಡ ದಾಟಿದ ಕೂಡಲೇ ಅಸ್ಥಿರ ಪದರ

ಮುಂಗಾರಿನ ಹಾರಾಟಗಳಲ್ಲಿ ಇದು ಮಾಮೂಲು. ಮೋಡದೊಳಗೆ ಸೆನ್ಸರಿಗೆ ಅಂಟಿದ ನೀರು ಅಥವಾ ಹಿಮ ಒಣ ಗಾಳಿಗೆ ಬಂದೊಡನೆ ಆವಿಯಾಗುತ್ತಾ ಸೆನ್ಸರನ್ನು ತಣಿಸುತ್ತದೆ, ಗ್ರಾಫಿನಲ್ಲಿ ಗಾಳಿ ಸಹಜ ಮಿತಿಗಿಂತ ವೇಗವಾಗಿ ತಣಿದಂತೆ ತೋರುತ್ತದೆ. ತೇವಾಂಶದ ಗ್ರಾಫ್ ಅದೇ ಎತ್ತರದಲ್ಲಿ ಕುಸಿದಿದ್ದರೆ ಆ ಪದರವನ್ನು ಬಿಟ್ಟುಬಿಡಿ.

ಲಕ್ಷಣ: ಥಾರ್ಪ್ ವಿಶ್ಲೇಷಣೆಯಲ್ಲಿ ಎಲ್ಲೆಲ್ಲೂ ಮಗುಚಿದ ಪದರಗಳು

ಥಾರ್ಪ್ ವಿಧಾನದ ತಿರುಳು ಸರಳ. ಗಾಳಿಯ ತುಣುಕನ್ನು ನಿರ್ದಿಷ್ಟ ಒತ್ತಡಕ್ಕೆ ತಂದರೆ ಎಷ್ಟು ಬೆಚ್ಚಗಿರುತ್ತಿತ್ತು ಎಂಬ ವಿಭವ ತಾಪಮಾನ ಶಾಂತ ವಾತಾವರಣದಲ್ಲಿ ಎತ್ತರದೊಂದಿಗೆ ಏರುತ್ತಲೇ ಹೋಗಬೇಕು. ಎಲ್ಲಾದರೂ ಇಳಿದಿದ್ದರೆ ಅಲ್ಲಿ ಗಾಳಿ ಮಗುಚಿದೆ. ಕಷ್ಟವಿರುವುದು ಸಂಖ್ಯೆಗಳಲ್ಲಿ. 20 ಕಿಲೋಮೀಟರಿನಲ್ಲಿ ವಿಭವ ತಾಪಮಾನ ಪ್ರತಿ 5 ಮೀಟರಿಗೆ ಸುಮಾರು 0.1 ಡಿಗ್ರಿ ಏರುತ್ತದೆ. ಸೆನ್ಸರಿನ ನಾಯ್ಸ್ 0.05 ಡಿಗ್ರಿ ಇದ್ದರೆ ವಿಭವ ತಾಪಮಾನಕ್ಕೆ ಬದಲಾಯಿಸುವಾಗ ಅದು ಎರಡು ಪಟ್ಟಿಗಿಂತ ಹೆಚ್ಚಾಗಿ 0.1 ಡಿಗ್ರಿ ದಾಟುತ್ತದೆ. ಏರಿಕೆಯಷ್ಟೇ ನಾಯ್ಸ್ ಇರುವಾಗ ಮಗುಚಿದ ಪದರಗಳು ಹೇರಳವಾಗಿ ಸಿಗುವುದರಲ್ಲಿ ಆಶ್ಚರ್ಯವೇನು?

ಮೊದಲ ಪರೀಕ್ಷೆ: ದತ್ತಾಂಶ ಎಷ್ಟು ದಶಮಾಂಶ ಸ್ಥಾನದವರೆಗೆ ಉಳಿದಿದೆ ನೋಡಿ. ಒಂದೇ ದಶಮಾಂಶಕ್ಕೆ ಕತ್ತರಿಸಿದ ಕಡತದ ಮೇಲೆ ಈ ವಿಶ್ಲೇಷಣೆ ಮಾಡಬಾರದು. ಎರಡನೆಯದು: ಒಂದು ನಯವಾದ, ಮಗುಚದ ಗೆರೆಗೆ ನೆಲದಲ್ಲಿ ಅಳೆದಿಟ್ಟ ನಾಯ್ಸನ್ನು ಕೃತಕವಾಗಿ ಸೇರಿಸಿ ಅದೇ ಪ್ರೋಗ್ರಾಂ ಓಡಿಸಿ. ಅದರಲ್ಲಿ ಸಿಗುವ ‘ಪದರ’ಗಳೆಲ್ಲ ಹುಸಿ, ಅವುಗಳಿಗಿಂತ ದಪ್ಪದಲ್ಲೂ ತಾಪಮಾನದ ಅಂತರದಲ್ಲೂ ಸ್ಪಷ್ಟವಾಗಿ ದೊಡ್ಡದಾದವನ್ನು ಮಾತ್ರ ನಂಬಿ. ಕೆಲವೊಮ್ಮೆ ನೂರರಲ್ಲಿ ಹತ್ತು ಉಳಿಯುತ್ತವೆ, ಬೇಸರಪಡಬೇಡಿ.

ಲಕ್ಷಣ: ರಿಚರ್ಡ್‌ಸನ್ ಸಂಖ್ಯೆ ಎಲ್ಲ ಕಡೆಯೂ 0.25ಕ್ಕಿಂತ ಕಡಿಮೆ, ಅಥವಾ ಎಲ್ಲಿಯೂ ಇಲ್ಲ

ಪದರದ ಸ್ಥಿರತೆಯನ್ನು ಷಿಯರ್‌ನ ವರ್ಗದಿಂದ ಭಾಗಿಸಿದ ಈ ಸಂಖ್ಯೆ ಎಲ್ಲ ಎತ್ತರದಲ್ಲೂ 0.25ಕ್ಕಿಂತ ಹೆಚ್ಚಿದ್ದರೆ ಹರಿವು ಸ್ಥಿರ ಎಂದು ಮೈಲ್ಸ್ ಮತ್ತು ಹೋವರ್ಡ್ 1961ರಲ್ಲಿ ಸಾಧಿಸಿದರು. ಅದಕ್ಕಿಂತ ಇಳಿದಲ್ಲಿ ಕೆಲ್ವಿನ್-ಹೆಲ್ಮ್‌ಹೋಲ್ಟ್ಸ್ ಅಲೆಗಳು ಎದ್ದು ಸುರುಳಿ ಸುತ್ತಿ ಮುರಿಯುವ ಸಾಧ್ಯತೆಯಿದೆ. ಗಾಳಿಯ ವೇಗದಲ್ಲಿ ಸೆಕೆಂಡಿಗೆ 0.2 ಮೀಟರ್ ತಪ್ಪಿದ್ದು, ಷಿಯರನ್ನು 5 ಮೀಟರ್ ಅಂತರದಲ್ಲಿ ಲೆಕ್ಕ ಹಾಕಿದರೆ, ಗಾಳಿಯೇ ಬೀಸದಿದ್ದರೂ ನಾಯ್ಸ್ ಒಂದೇ ಸಾಕು ಸಂಖ್ಯೆಯನ್ನು 0.14ಕ್ಕೆ ಇಳಿಸಲು. ಅದೇ ತಪ್ಪು 100 ಮೀಟರ್ ಅಂತರದಲ್ಲಿ ನಗಣ್ಯ, ಆದರೆ ಆಗ 20 ಮೀಟರ್ ದಪ್ಪದ ನಿಜವಾದ ಅಸ್ಥಿರ ಪದರ ಸರಾಸರಿಯಲ್ಲಿ ಕರಗಿಹೋಗುತ್ತದೆ. ಅಂತರವನ್ನು 20, 50, 100, 200 ಮೀಟರ್ ಎಂದು ಬದಲಾಯಿಸುತ್ತಾ ನೋಡಿ. ಒಂದಕ್ಕಿಂತ ಹೆಚ್ಚು ಅಂತರಗಳಲ್ಲಿ ಉಳಿದುಕೊಂಡ ಪದರ ವಿಶ್ವಾಸಾರ್ಹ. ಸಂಖ್ಯೆ 0.25ಕ್ಕಿಂತ ಹೆಚ್ಚಿರುವಲ್ಲಿಯೂ ಹಾಟ್‌ವೈರ್ ಪ್ರಕ್ಷುಬ್ಧತೆ ತೋರಿಸಿದರೆ ಅದು ವಿರೋಧಾಭಾಸವಲ್ಲ, ಒಮ್ಮೆ ಎದ್ದ ಕ್ಷೋಭೆ ಕಾರಣ ಕಳೆದ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತದೆ.

ಲಕ್ಷಣ: ಶಕ್ತಿಕ್ಷಯ ದರ ಹತ್ತಿಪ್ಪತ್ತು ಪಟ್ಟು ತಪ್ಪು

ಹಾಟ್‌ವೈರಿನಲ್ಲಿ ಈ ದರವನ್ನು, ಅಂದರೆ ಪ್ರಕ್ಷುಬ್ಧತೆಯ ಶಕ್ತಿ ಶಾಖವಾಗಿ ಕರಗುವ ವೇಗವನ್ನು, ವೋಲ್ಟೇಜಿನಿಂದಲ್ಲ, ಸ್ಪೆಕ್ಟ್ರಮ್ ಎಲ್ಲಿ ಬಾಗುತ್ತದೆ ಎಂಬುದರಿಂದ ಪಡೆಯುತ್ತಾರೆ. ದೊಡ್ಡ ಸುಳಿಗಳ ಐದು ಮೂರಾಂಶದ (5/3) ಇಳಿಜಾರು ಮುಗಿದು ಸ್ನಿಗ್ಧತೆ ಸುಳಿಗಳನ್ನು ನುಂಗುವ ಕಡಿದಾದ ಇಳಿಜಾರು ಶುರುವಾಗುವ ಬಿಂದುವೇ ಒಳ ಅಳತೆ. ದರವು ಆ ಅಳತೆಯ ನಾಲ್ಕನೆಯ ಘಾತಕ್ಕೆ ವಿಲೋಮವಾದ್ದರಿಂದ ಬಿಂದುವನ್ನು ಎರಡರಷ್ಟು ತಪ್ಪಾಗಿ ಓದಿದರೆ ಉತ್ತರ 16 ಪಟ್ಟು ತಪ್ಪಾಗುತ್ತದೆ. ಮೊದಲು, ಬಾಗಿದ ಭಾಗ ನಾಯ್ಸ್ ಮಟ್ಟಕ್ಕಿಂತ ಮೇಲಿದೆಯೇ ನೋಡಿ. ಇಳಿಜಾರು ನೇರವಾಗಿ ನಾಯ್ಸಿನೊಳಗೆ ಮುಳುಗಿದ್ದರೆ ಬಾಗು ಕಂಡದ್ದಲ್ಲ, ಊಹಿಸಿದ್ದು. ಬಳಿಕ, ಸೂತ್ರದ ಸ್ಥಿರಾಂಕ ಗಾಳಿಯ ಒಂದು ಘಟಕಕ್ಕೋ ಮೂರು ಘಟಕಗಳ ಮೊತ್ತಕ್ಕೋ ಎಂದು ಪರಿಶೀಲಿಸಿ, ಅದೂ ನಾಲ್ಕನೆಯ ಘಾತಕ್ಕೆ ಏರುತ್ತದೆ. ಸ್ನಿಗ್ಧತೆಯನ್ನು ಆಯಾ ಎತ್ತರದ ತಾಪಮಾನ-ಒತ್ತಡಗಳಿಂದಲೇ ಲೆಕ್ಕ ಹಾಕಬೇಕು. ಅದು ನೆಲಕ್ಕಿಂತ 30 ಕಿಲೋಮೀಟರಿನಲ್ಲಿ ಐವತ್ತು ಪಟ್ಟಿಗೂ ಹೆಚ್ಚು, ಸೂತ್ರದಲ್ಲಿ ಘನವಾಗಿ ಕೂರುತ್ತದೆ.

ಲಕ್ಷಣ: ಬಲೂನು ಒಂದು ಹೇಳುತ್ತದೆ, ರಾಡಾರ್ ಇನ್ನೊಂದು

ತಿರುಪತಿಯ ಸಮೀಪದ ಗಾದಂಕಿಯಲ್ಲಿರುವ 53 ಮೆಗಾಹರ್ಟ್ಸ್‌ನ ಎಂಎಸ್‌ಟಿ (ಮೀಸೋಸ್ಫಿಯರ್-ಸ್ಟ್ರಾಟೋಸ್ಫಿಯರ್-ಟ್ರೋಪೋಸ್ಫಿಯರ್) ರಾಡಾರ್ 2.8 ಮೀಟರ್ ಅಳತೆಯ ವ್ಯತ್ಯಾಸಗಳಿಂದ ಪ್ರತಿಧ್ವನಿ ಪಡೆಯುತ್ತದೆ. ಬಲೂನು ಅಷ್ಟರಲ್ಲಿ ಹತ್ತಾರು ಕಿಲೋಮೀಟರ್ ದೂರ ತೇಲಿರುತ್ತದೆ ಎಂಬ ಸರಳ ಕಾರಣವನ್ನು ಮೊದಲು ಪರಿಶೀಲಿಸಿ. ಲಂಬ ಕಿರಣದಲ್ಲಿ ಪ್ರತಿಧ್ವನಿ ಜೋರಾಗಿದ್ದು ಓರೆ ಕಿರಣದಲ್ಲಿ ದುರ್ಬಲವಾಗಿದ್ದರೆ ಅದು ಕನ್ನಡಿಯಂತೆ ಚಪ್ಪಟೆಯಾದ ಸ್ಥಿರ ಪದರ, ಪ್ರಕ್ಷುಬ್ಧತೆಗೆ ತದ್ವಿರುದ್ಧ.

ಡಾಪ್ಲರ್ ಸ್ಪೆಕ್ಟ್ರಮ್, ಅಂದರೆ ಪ್ರತಿಧ್ವನಿಯಲ್ಲಿ ಕಾಣುವ ಗಾಳಿಯ ವೇಗಗಳ ಹರಹು, ಅಗಲವಾಗಿದ್ದರೂ ಹಿಗ್ಗಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 16 ಕಿಲೋಮೀಟರಿನ ಸುಮಾರಿಗೆ ಬೀಸುವ ಪೂರ್ವದ ಜೆಟ್ ಗಾಳಿ ಸೆಕೆಂಡಿಗೆ 40 ಮೀಟರ್ ಇದ್ದಾಗ 3 ಡಿಗ್ರಿ ಅಗಲದ ಕಿರಣವೊಂದೇ ಸ್ಪೆಕ್ಟ್ರಮನ್ನು ಸೆಕೆಂಡಿಗೆ 1 ಮೀಟರಿನಷ್ಟು ಅಗಲಿಸಬಲ್ಲದು, ಪ್ರಕ್ಷುಬ್ಧತೆಯ ಪಾಲು ಅದಕ್ಕಿಂತ ಎಷ್ಟೋ ಕಡಿಮೆಯಿರಬಹುದು. ಈ ಅಗಲಿಕೆಯನ್ನು ಕಳೆದ ಮೇಲೆ ಕೆಲವು ಎತ್ತರಗಳಲ್ಲಿ ಉತ್ತರ ಋಣವಾಗಿ ಬರುತ್ತದೆ. ಭೌತಿಕ ಅರ್ಥವಿಲ್ಲವೆಂದು ಅವನ್ನಷ್ಟೇ ಕಿತ್ತುಹಾಕಿ ಉಳಿದವುಗಳ ಸರಾಸರಿ ತೆಗೆದರೆ ಸರಾಸರಿ ಮೇಲಕ್ಕೆ ವಾಲುತ್ತದೆ. ಋಣ ಬೆಲೆಗಳನ್ನೂ ಸೇರಿಸಿಯೇ ಸರಾಸರಿ ತೆಗೆಯಿರಿ, ಅವು ಅರ್ಧಕ್ಕಿಂತ ಹೆಚ್ಚಿರುವ ಎತ್ತರಗಳಿಗೆ ಬೆಲೆ ಕೊಡದೆ ಖಾಲಿ ಬಿಡಿ. ಕಿರಣದ ನಿಜವಾದ ಆಕಾರ, ಆಂಟೆನಾಗಳ ಸ್ಥಿತಿ ಇತ್ಯಾದಿ ಪ್ರಶ್ನೆ ಎದ್ದರೆ ರಾಡಾರ್ ನಡೆಸುವ ಎಂಜಿನಿಯರರನ್ನೇ ಕೇಳಬೇಕು, ಹೈ ವೋಲ್ಟೇಜ್ ಇರುವ ಆ ಅಂಗಳಕ್ಕೆ ಅವರಿಲ್ಲದೆ ಕಾಲಿಡುವಂತಿಲ್ಲ.